ಕಲಬುರಗಿಯ ಹುಡುಗ ಇಸ್ಲಾಂ ಒಪ್ಪಿದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ಜನ ನನ್ನನ್ನು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಿದ್ದಾರೆ. ಕೆಲವರು ಪ್ರೀತಿಯಿಂದ ಕೇಳುತ್ತಾರೆ, ಕೆಲವರು ಸಿಟ್ಟಿನಿಂದ. ಇತ್ತೀಚೆಗೆ ಇಪ್ಪತ್ತು, ಇಪ್ಪತ್ತೆರಡರ ಹುಡುಗರು ಹುಡುಗಿಯರು ರಾತ್ರಿ ಹನ್ನೊಂದರ ಮೇಲೆ ಮೆಸೇಜ್ ಮಾಡುತ್ತಾರೆ. ಮನೆಯಲ್ಲಿ ಯಾರಿಗೂ ಹೇಳಿರುವುದಿಲ್ಲ. ಹೆಚ್ಚಾಗಿ ಅವರಿಗಾಗಿಯೇ ಇದನ್ನು ಬರೆದಿದ್ದೇನೆ.

ಮೊದಲು ನೀವು ಯಾರು ಅಂತ ಹೇಳಿ.

ಕಲಬುರಗಿಯಲ್ಲೇ ಬೆಳೆದವನು. ಲಿಂಗಾಯತ ಮನೆ. ಅಪ್ಪ ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುತ್ತಾರೆ. ನಾನು ಕೋರ್ಟಿನ ಹತ್ತಿರ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. 2022ರ ಜನವರಿಯಲ್ಲಿ ಇಸ್ಲಾಂ ಒಪ್ಪಿದೆ. ಆಗ ನನಗೆ 23 ವರ್ಷ. ನಾನು ಮೌಲ್ವಿಯೂ ಅಲ್ಲ, ವಕೀಲನೂ ಅಲ್ಲ. ನಾನು ನಡೆದ ದಾರಿ ಮಾತ್ರ ನನಗೆ ಗೊತ್ತು.

ಯಾವುದೋ ಹುಡುಗಿಗಾಗಿ ಆದದ್ದು, ಅಲ್ವಾ?

ಅಲ್ಲ. ನನಗೆ ಇನ್ನೂ ಮದುವೆ ಆಗಿಲ್ಲ. ಬೇರೆ ಬೇರೆ ಧರ್ಮದ ಇಬ್ಬರು ಮದುವೆ ಆಗಬೇಕೆಂದರೆ ಯಾರೂ ಧರ್ಮ ಬಿಡಬೇಕಾಗಿಲ್ಲ. ಅದಕ್ಕೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಮೂವತ್ತು ದಿನದ ನೋಟಿಸ್ ಕೊಟ್ಟು ಮದುವೆ ಆಗಬಹುದು. ಬರೀ ಮದುವೆಗಾಗಿ ಕಲಿಮಾ, ಅಂದರೆ ಇಸ್ಲಾಂ ಒಪ್ಪುವ ಸಾಕ್ಷಿಯ ಮಾತು, ಹೇಳಲು ಹೊರಟವರಿಗೆ ನಾನು ಇದನ್ನೇ ಹೇಳುತ್ತೇನೆ. ದೇವರ ಹೆಸರನ್ನು ಹಾಗೆ ಬಳಸಬೇಡಿ.

ಎಷ್ಟು ದುಡ್ಡು ಕೊಟ್ಟರು?

ಒಂದು ರೂಪಾಯಿಯನ್ನೂ ಯಾರೂ ಕೊಟ್ಟಿಲ್ಲ.

ಶುರುವಾದದ್ದು ಎಲ್ಲಿಂದ?

ನಮ್ಮ ಮುತ್ಯಾನ, ಅಂದರೆ ಅಜ್ಜನ, ಸಾವಿನಿಂದ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನವರದ್ದೇ. ಅದಾದ ಮೇಲೆ ಲಾಕ್‌ಡೌನ್ ಬಂತು. ಆ ಬೇಸಿಗೆಯಲ್ಲೇ ಮುತ್ಯಾ ತೀರಿಕೊಂಡ. ಕೊರೊನಾದಿಂದಲ್ಲ, ವಯಸ್ಸಾಗಿತ್ತು. ಇಡೀ ಹಳ್ಳಿ ಬರಬೇಕಿದ್ದ ಮಣ್ಣಿಗೆ ಹನ್ನೆರಡು ಜನ ಬಂದೆವು. ನಮ್ಮಲ್ಲಿ ಸುಡುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು ಸಮಾಧಿ ಮಾಡುತ್ತಾರೆ. ಗುಂಡಿಯಲ್ಲಿ ಇಳಿದು ಮುತ್ಯಾನ ತಲೆ ಹಿಡಿದವನು ನಾನು. ಈ ಮನುಷ್ಯ ಈಗ ಎಲ್ಲಿ ಇದ್ದಾನೆ ಅನ್ನುವ ಪ್ರಶ್ನೆ ಅವತ್ತು ಹತ್ತಿಕೊಂಡಿತು. ಮನೆಯವರಿಗೆಲ್ಲ ಒಂದೊಂದು ಉತ್ತರ ಇತ್ತು. ನನಗೆ ಮಾತ್ರ ಯಾವುದೂ ನಿಲ್ಲಲಿಲ್ಲ.

ಲಾಕ್‌ಡೌನ್ ಸಡಿಲ ಆದ ಮೇಲೆ ಸುತ್ತತೊಡಗಿದೆ. ಶರಣಬಸವೇಶ್ವರ ಗುಡಿಯಲ್ಲಿ ಗಂಟೆಗಟ್ಟಲೆ ಕೂತೆ. ಬುದ್ಧ ವಿಹಾರಕ್ಕೆ ಹಲವು ಸಲ ಹೋದೆ. ಅಲ್ಲಿಯ ಮೌನ ನನಗೆ ಇವತ್ತಿಗೂ ಇಷ್ಟ. ಸನ್ನತಿಗೆ ಬೈಕ್‌ನಲ್ಲಿ ಹೋಗಿ ಅಶೋಕನ ಕಾಲದ ಶಾಸನ ಸಿಕ್ಕ ಊರನ್ನು ನೋಡಿಬಂದೆ. ವಚನಗಳನ್ನು ಮತ್ತೆ ಓದಿದೆ. ಈ ಸಲ ಪರೀಕ್ಷೆಗಾಗಿ ಅಲ್ಲ.

ಇಸ್ಲಾಂ ಕಡೆ ಕಣ್ಣು ಹೋದದ್ದು ಪುಸ್ತಕದಿಂದಲ್ಲ. ನಮ್ಮ ಅಂಗಡಿಯ ಪಕ್ಕದಲ್ಲಿ ಒಬ್ಬರು ವಯಸ್ಸಾದ ಟೇಲರ್ ಇದ್ದಾರೆ. ಎಲ್ಲರೂ ಚಾಚಾ ಅನ್ನುತ್ತೇವೆ. ಅಜಾನ್ ಕೇಳಿದರೆ ಸಾಕು, ಅರ್ಧ ಹೊಲಿದ ಪ್ಯಾಂಟನ್ನು ಮೆಷಿನ್ ಮೇಲೆಯೇ ಬಿಟ್ಟು ಏಳುತ್ತಿದ್ದರು. ಗಿರಾಕಿ ಬೈದರೂ ಏಳುತ್ತಿದ್ದರು. ಹತ್ತು ನಿಮಿಷಕ್ಕೆ ವಾಪಸ್ ಬಂದು ಅದೇ ಹೊಲಿಗೆ ಮುಂದುವರಿಸುತ್ತಿದ್ದರು. ದಿನಕ್ಕೆ ಐದು ಸಲ ಎಲ್ಲವನ್ನೂ ಕೆಳಗಿಟ್ಟು ಎದ್ದು ಹೋಗುವ ಆ ನೆಮ್ಮದಿ ನನಗೆ ಬೇಕು ಅನ್ನಿಸಿತು. ಅವರು ನನ್ನನ್ನು ಒಂದು ಸಲವೂ ಕರೆಯಲಿಲ್ಲ. ಕೇಳಿದವನು ನಾನೇ. ಆಗಲೂ, "ಮೊದಲ ಓದಪಾ, ಅವಸರ ಯಾಕ" ಅಂದರು.

ಕುರಾನ್‌ನ ಕನ್ನಡ ಅನುವಾದ ಓದಲು ಶುರು ಮಾಡಿದೆ. 114 ಅಧ್ಯಾಯ. ಮುಗಿಸಲು ಎಂಟು ತಿಂಗಳು ಬೇಕಾಯಿತು. ಎಲ್ಲವೂ ಹಿಡಿಸಿತು ಎಂದು ಸುಳ್ಳು ಹೇಳುವುದಿಲ್ಲ. ನರಕದ ಮಾತು ಬಂದಾಗ ಪುಸ್ತಕ ಮುಚ್ಚಿಟ್ಟದ್ದುಂಟು. ಮುತ್ಯಾನ ನೆನಪಾಗುತ್ತಿತ್ತು. 93ನೇ ಅಧ್ಯಾಯದಲ್ಲಿ ನಿಂತುಬಿಟ್ಟೆ. ಪ್ರವಾದಿಗೆ ದೇವವಾಣಿ ಬರುವುದು ಕೆಲವು ಕಾಲ ನಿಂತು, ಅವರು ನೊಂದಿದ್ದಾಗ ಇಳಿದ ಅಧ್ಯಾಯ ಅದು. ನಿನ್ನ ಒಡೆಯ ನಿನ್ನನ್ನು ಕೈಬಿಟ್ಟಿಲ್ಲ ಎಂದು ಹೇಳುತ್ತದೆ. ನೀನು ತಬ್ಬಲಿಯಾಗಿದ್ದೆ, ಆಸರೆ ಕೊಡಲಿಲ್ಲವೇ ಎಂದು ಕೇಳುತ್ತದೆ. ಒಂದು ವರ್ಷದಿಂದ ನಾನು ಹುಡುಕುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನನ್ನೂ ಯಾರೋ ಹುಡುಕುತ್ತಿದ್ದಾರೆ ಎಂದು ಅವತ್ತು ಅನ್ನಿಸಿತು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಜೋರಾಗಿ ಅತ್ತೆ.

ಲಿಂಗಾಯತ ಧರ್ಮದಲ್ಲಿ ಏನು ಕೊರತೆ ಇತ್ತು?

ಇದನ್ನು ಎಲ್ಲರಿಗಿಂತ ಜಾಸ್ತಿ ಕೇಳಿದವರು ನಮ್ಮ ಕಾಕಾ. ಕೊರತೆ ಹುಡುಕಿ ನಾನು ಹೊರಗೆ ಬರಲಿಲ್ಲ. ದೇವರು ಒಬ್ಬನೇ ಅನ್ನುವುದನ್ನು ನಾನು ಮಸೀದಿಯಲ್ಲಿ ಕಲಿತದ್ದಲ್ಲ, ಅವ್ವನ ಮಡಿಲಲ್ಲಿ ಕಲಿತದ್ದು. ದುಡಿದು ತಿನ್ನು, ಹಂಚಿ ತಿನ್ನು, ಜಾತಿ ಕೇಳಬೇಡ ಅನ್ನುವುದೂ ಅಲ್ಲಿಂದಲೇ ಬಂತು. ಕಲ್ಯಾಣದ ಶರಣರು ಹನ್ನೆರಡನೇ ಶತಮಾನದಲ್ಲಿ ಇದೇ ನೆಲದಲ್ಲಿ ಆ ಮಾತಿಗಾಗಿ ಜೀವ ಕೊಟ್ಟರು. ಅವರ ಮೇಲಿನ ನನ್ನ ಗೌರವ ಒಂದು ಕೂದಲಿನಷ್ಟೂ ಕಡಿಮೆ ಆಗಿಲ್ಲ.

ನನಗೆ ಬೇಕಾಗಿದ್ದದ್ದು ಎರಡು. ಸತ್ತ ಮೇಲೆ ಏನು ಅನ್ನುವುದಕ್ಕೆ ನಾನು ನಂಬಬಲ್ಲ ಮಾತು ಒಂದು. ಪ್ರತಿದಿನ ತಪ್ಪದೆ ನನ್ನನ್ನು ಎಬ್ಬಿಸುವ ಕಟ್ಟುಪಾಡು ಇನ್ನೊಂದು. ಎರಡೂ ನನಗೆ ಇಲ್ಲಿ ಸಿಕ್ಕವು. ಇಷ್ಟಲಿಂಗ ಪೂಜೆಯಲ್ಲೇ ಅವು ಸಿಕ್ಕವರು ನಮ್ಮ ಮನೆಯಲ್ಲೇ ಇದ್ದಾರೆ. ಅವ್ವ ಅವರಲ್ಲಿ ಒಬ್ಬಳು.

ಕೊರಳಲ್ಲಿದ್ದ ಲಿಂಗ ಏನು ಮಾಡಿದಿರಿ?

ಅವ್ವನ ಕೈಗೆ ಕೊಟ್ಟೆ. ನದಿಗೆ ಬಿಡಲಿಲ್ಲ, ಯಾರಿಗೂ ತೋರಿಸಲಿಲ್ಲ. ಅವಳು ಅದನ್ನು ದೇವರ ಜಗಲಿ ಮೇಲೆ ತನ್ನ ಲಿಂಗದ ಪಕ್ಕ ಇಟ್ಟಿದ್ದಾಳೆ. ದಿನಾ ಅದಕ್ಕೂ ಪೂಜೆ ಆಗುತ್ತದೆ. ನಾನು ಬೇಡ ಅನ್ನುವುದಿಲ್ಲ. ಅದು ಅವಳ ಹಕ್ಕು.

ಮುಸ್ಲಿಂ ಆಗಲು ಏನೇನು ಮಾಡಬೇಕು?

ಅಲ್ಲಾಹನ ಹೊರತು ಬೇರೆ ಆರಾಧ್ಯನಿಲ್ಲ, ಮುಹಮ್ಮದರು ಅಲ್ಲಾಹನ ಸಂದೇಶವಾಹಕರು ಎಂದು ಮನಸಾರೆ ನಂಬಿ ಸಾಕ್ಷಿ ಹೇಳಬೇಕು. ಅಷ್ಟೇ. ಇದನ್ನೇ ಕಲಿಮಾ ಅನ್ನುತ್ತೇವೆ. ಆಮೇಲೆ ಸ್ನಾನ ಮಾಡಿ ನಮಾಜ್ ಕಲಿಯುವುದು. ನಮಾಜ್‌ನಲ್ಲಿ ನಿಂತು, ಬಾಗಿ, ಮಣಿಯುವ ಒಂದು ಸುತ್ತಿಗೆ ರಕಾತ್ ಅನ್ನುತ್ತಾರೆ. ಬೆಳಗಿನ ಜಾವದ ಫಜರ್ ಎರಡು ರಕಾತ್, ಮಧ್ಯಾಹ್ನದ ಜುಹರ್ ನಾಲ್ಕು, ಇಳಿಹೊತ್ತಿನ ಅಸರ್ ನಾಲ್ಕು, ಸಂಜೆಯ ಮಗ್ರಿಬ್ ಮೂರು, ರಾತ್ರಿಯ ಇಶಾ ನಾಲ್ಕು. ದಿನಕ್ಕೆ ಹದಿನೇಳು ಕಡ್ಡಾಯ. ನಾನು ಮೊದಲ ತಿಂಗಳು ಕನ್ನಡದಲ್ಲಿ ಬರೆದ ಚೀಟಿ ಕೈಯಲ್ಲಿ ಹಿಡಿದೇ ಕಲಿತೆ.

ನಾನು ಕಲಿಮಾ ಹೇಳುವಾಗ ಒಬ್ಬರು ವಿಡಿಯೊ ಮಾಡಲು ಮೊಬೈಲ್ ತೆಗೆದರು. ಬೇಡ ಅಂದೆ. ಅವರಿಗೆ ಬೇಜಾರಾಯಿತು. ನಿಮಗೂ ಹೀಗಾದರೆ ಗಟ್ಟಿಯಾಗಿ ಬೇಡ ಅನ್ನಿ. ಮನೆಯವರು ಈ ಸುದ್ದಿಯನ್ನು ನಿಮ್ಮ ಬಾಯಿಂದ ಕೇಳಬೇಕು, ಪಕ್ಕದ ಮನೆಯವರ ವಾಟ್ಸಾಪ್‌ನಿಂದ ಅಲ್ಲ.

ಹೆಸರು ಬದಲಿಸಬೇಕಾ?

ಅರ್ಥ ಕೆಟ್ಟದ್ದಲ್ಲದಿದ್ದರೆ, ಬೇರೆ ದೇವರ ದಾಸ ಎಂಬಂಥ ಅರ್ಥ ಇಲ್ಲದಿದ್ದರೆ ಬೇಕಾಗಿಲ್ಲ. ನಮ್ಮ ಕಡೆ ಓಣಿಗೆ ನಾಲ್ಕು ಜನರ ಹೆಸರು 'ಶರಣ' ಎಂದು ಶುರುವಾಗುತ್ತದೆ. ನನ್ನದೂ ಹಾಗೇ, ಮುತ್ಯಾನ ಹೆಸರು. ಮೌಲ್ವಿ ಸಾಹೇಬರು ಅರ್ಥ ಕೇಳಿದರು. ಶರಣಾದವನು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮುಸ್ಲಿಂ ಅಂದ್ರೂ ಅದೇ ಅರ್ಥ" ಅಂದರು. ಆಧಾರ್‌ನಲ್ಲಿ ಇವತ್ತಿಗೂ ಅದೇ ಹೆಸರಿದೆ.

ಬದಲಿಸುವವರು ಅಫಿಡವಿಟ್, ಪೇಪರ್ ಪ್ರಕಟಣೆ, ಗೆಜೆಟ್ ಎಂದು ಓಡಾಡಬೇಕಾಗುತ್ತದೆ. ಮಾರ್ಕ್ಸ್ ಕಾರ್ಡ್ ಒಂದು ಹೆಸರು, ಪ್ಯಾನ್ ಇನ್ನೊಂದು ಹೆಸರು ಆಗಿ ಪೇಚಾಡಿದವರನ್ನು ಅಂಗಡಿಯಲ್ಲಿ ವಾರಕ್ಕೊಬ್ಬರಂತೆ ನೋಡುತ್ತೇನೆ.

ಖತ್ನಾ, ಅಂದರೆ ಮುಂದೊಗಲು ತೆಗೆಸುವುದು?

ಗಂಡಸರಿಗೆ ಅದು ಪ್ರವಾದಿಯ ಸುನ್ನತ್, ಅಂದರೆ ಅವರು ತೋರಿಸಿದ ನಡೆ. ಆದರೆ ಅದಿಲ್ಲದೆ ಕಲಿಮಾ ಒಪ್ಪಿತವಲ್ಲ ಎಂದೇನಿಲ್ಲ. ಮಾಡಿಸುವುದಿದ್ದರೆ ಒಳ್ಳೆಯ ಸರ್ಜನ್ ಹತ್ತಿರ ಹೋಗಿ. ಬೇರೆಯವರು ಇದನ್ನು ಕೇಳಬಾರದು.

ಮಾಂಸ ತಿನ್ನಲೇಬೇಕಾ?

ಬೇಡ. ನಾನು ಇವತ್ತಿಗೂ ತಿನ್ನುವುದಿಲ್ಲ. ಹಲಾಲ್ ಅಂದರೆ ತಿನ್ನಬಹುದು ಎಂದು, ತಿನ್ನಲೇಬೇಕು ಎಂದಲ್ಲ. ಚಾಚಾರ ಮನೆಯಲ್ಲಿ ಬಕ್ರೀದ್ ದಿನ ನನಗೆ ಬೇರೆ ಪಾತ್ರೆಯಲ್ಲಿ ಬಗಾರಾ ಅನ್ನ ಮತ್ತು ದಾಲ್ ಇರುತ್ತದೆ.

ಉರ್ದು ಬರದಿದ್ದರೆ ನಡೆಯುತ್ತಾ?

ನಡೆಯುತ್ತದೆ. ನಮಾಜ್‌ಗೆ ಬೇಕಾದಷ್ಟು ಅರಬಿ ಬಾಯಿಪಾಠ ಆಗಬೇಕು. ಉಳಿದದ್ದಕ್ಕೆ ಕನ್ನಡ ಸಾಕು. ದುವಾವನ್ನು, ಅಂದರೆ ನನ್ನ ಪ್ರಾರ್ಥನೆಯನ್ನು, ನಾನು ಕನ್ನಡದಲ್ಲೇ ಕೇಳುತ್ತೇನೆ, ಅದೂ ನಮ್ಮ ಕಲಬುರಗಿ ಕನ್ನಡದಲ್ಲಿ. ನನಗೆ ಬೇಸರ ತರುವ ಸಂಗತಿ ಬೇರೆ. ಶುಕ್ರವಾರದ ಬಯಾನ್, ಅಂದರೆ ಪ್ರವಚನ, ನಾನು ಹೋಗುವ ಮಸೀದಿಯಲ್ಲಿ ಉರ್ದುವಿನಲ್ಲಿ ಇರುತ್ತದೆ. ಹಳ್ಳಿಯಿಂದ ಬಂದ ಎಷ್ಟೋ ಮುಸ್ಲಿಮರಿಗೂ ಅದು ಪೂರ್ತಿ ತಿಳಿಯುವುದಿಲ್ಲ. ಕನ್ನಡದಲ್ಲೂ ಹತ್ತು ನಿಮಿಷ ಹೇಳಿ ಎಂದು ಕೇಳಿಕೊಂಡಿದ್ದೇನೆ. ಮುಂದೆಯೂ ಕೇಳುತ್ತೇನೆ.

ಕಾನೂನು ಏನು ಹೇಳುತ್ತದೆ?

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ನಾನು ಕಲಿಮಾ ಹೇಳಿದ ನಾಲ್ಕು ತಿಂಗಳಿಗೆ, 2022ರ ಮೇನಲ್ಲಿ, ರಾಜ್ಯದಲ್ಲಿ ಮತಾಂತರದ ಬಗ್ಗೆ ಸುಗ್ರೀವಾಜ್ಞೆ ಬಂತು. ಆಮೇಲೆ ಅದೇ ಕಾಯ್ದೆ ಆಯಿತು. ಮತಾಂತರ ಆಗುವವರು ಮೂವತ್ತು ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು, ಆದ ಮೇಲೆಯೂ ಮೂವತ್ತು ದಿನದೊಳಗೆ ಘೋಷಣೆ ಕೊಡಬೇಕು ಎಂದು ಅದರಲ್ಲಿದೆ. ಬಲವಂತ, ಆಮಿಷ, ಮೋಸದಿಂದ ಮತಾಂತರ ಮಾಡಿದರೆ ಮೂರರಿಂದ ಐದು ವರ್ಷ ಜೈಲು. ಮತಾಂತರ ಆದವರು ಹೆಣ್ಣುಮಗಳು, ಹದಿನೆಂಟರೊಳಗಿನವರು ಅಥವಾ ಪರಿಶಿಷ್ಟರು ಆಗಿದ್ದರೆ ಹತ್ತು ವರ್ಷದ ತನಕ. 2023ರ ಜೂನ್‌ನಲ್ಲಿ ಇದನ್ನು ಹಿಂದಕ್ಕೆ ಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ನೀವು ಹೆಜ್ಜೆ ಇಡುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರನ್ನು ಕೇಳಿ. ಕಾಗದ ಸರಿ ಇರಲಿ. ನಿಮ್ಮ ಜೊತೆ ನಿಂತ ಬಡಪಾಯಿಗೆ ನಿಮ್ಮಿಂದ ತೊಂದರೆ ಆಗಬಾರದು.

ನಾನು ಎಸ್‌ಸಿ. ಮೀಸಲಾತಿ ಉಳಿಯುತ್ತಾ?

ಉಳಿಯುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವವರ ಮಾತು ಕೇಳಬೇಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ ಇದೆ. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರಿದರು. ಮುಸ್ಲಿಂ ಆದರೆ ಹೋಗುತ್ತದೆ. ಪಿಎಚ್‌ಡಿ ಸೀಟು, ನೌಕರಿ, ತಂಗಿಯ ಓದು, ಎಲ್ಲ ಲೆಕ್ಕ ಹಾಕಿ. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಲ್ಲಿ ಇರುವ ಮೀಸಲಾತಿ ಬೇರೆ. ಅದು ನೀವು ಎಲ್ಲಿಯವರು ಅನ್ನುವುದರ ಮೇಲೆ ನಿಂತಿದೆ, ಧರ್ಮದ ಮೇಲಲ್ಲ.

ಹೊಲದಲ್ಲಿ ಪಾಲು ಹೋಗುತ್ತಾ?

ಧರ್ಮ ಬದಲಿಸಿದ ಮಾತ್ರಕ್ಕೆ ನಿಮ್ಮ ಪಾಲು ಹೋಗುವುದಿಲ್ಲ. 1850ರಲ್ಲೇ ಅದಕ್ಕೊಂದು ಕಾಯ್ದೆ ಬಂದಿತ್ತು. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಂ ಓದಿ. ಮತಾಂತರ ಆದ ಮೇಲೆ ಹುಟ್ಟಿದ ಮಕ್ಕಳಿಗೆ, ಅವರು ಹಿಂದೂಗಳಲ್ಲದಿದ್ದರೆ, ಹಿಂದೂ ಬಂಧುಗಳ ಆಸ್ತಿ ಬರುವುದಿಲ್ಲ. ಇನ್ನೊಂದು ಕಡೆಯೂ ಇದೆ. ಇಸ್ಲಾಮಿನ ಹಂಚಿಕೆಯಲ್ಲಿ ನನ್ನ ಅಪ್ಪ ಅವ್ವನಿಗೆ ನನ್ನಿಂದ ಪಾಲು ಬರುವುದಿಲ್ಲ. ಆದರೆ ಮೂರನೇ ಒಂದು ಭಾಗದ ತನಕ ವಸಿಯತ್, ಅಂದರೆ ಉಯಿಲು, ಬರೆಯಬಹುದು. ನಾನು ಅವರಿಬ್ಬರ ಹೆಸರಿಗೆ ಬರೆದಿದ್ದೇನೆ. ಇರುವುದು ಒಂದು ಬೈಕ್ ಮತ್ತು ಸ್ವಲ್ಪ ಉಳಿತಾಯ. ಬರೆದದ್ದು ಅವರಿಗೆ ಗೊತ್ತಿರಲಿ ಎಂದು.

ಶರಣಬಸಪ್ಪನ ಜಾತ್ರೆಗೆ ಹೋಗುತ್ತೀರಾ? ದರ್ಗಾಕ್ಕೆ?

ಜಾತ್ರೆಗೆ ಅವ್ವನನ್ನು ಕರೆದುಕೊಂಡು ಹೋಗುತ್ತೇನೆ. ಜನದಲ್ಲಿ ಅವಳ ಕೈ ಹಿಡಿಯಬೇಕು, ಮೊಣಕಾಲು ನೋವಿದೆ. ಅವಳು ಒಳಗೆ ಕೈಮುಗಿಯುವಾಗ ನಾನು ಹೊರಗೆ ನಿಲ್ಲುತ್ತೇನೆ.

ಬಂದೇ ನವಾಜ್ ದರ್ಗಾದ ವಿಷಯದಲ್ಲಿ ಮುಸ್ಲಿಮರಲ್ಲೇ ಎರಡು ಮಾತಿದೆ. 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿ, ಇಳಿವಯಸ್ಸಿನಲ್ಲಿ ನಮ್ಮ ಊರಿಗೆ ಬಂದು, 1422ರಲ್ಲಿ ಇಲ್ಲೇ ಮಣ್ಣಾದ ಸೂಫಿ ಅವರು. ನಾನು ಸಣ್ಣವನಿದ್ದಾಗ ಜ್ವರ ಬಿಡದೆ ಇದ್ದಾಗ ಅವ್ವನೇ ನನ್ನನ್ನು ಅಲ್ಲಿಗೆ ಹೊತ್ತು ಹೋಗಿ ತಾಯಿತ ಕಟ್ಟಿಸಿದ್ದಳು. ಈಗ ನಾನು ಹೋದರೆ ಸಲಾಂ ಹೇಳಿ, ಅವರಿಗಾಗಿ ದುವಾ ಮಾಡಿ ಬರುತ್ತೇನೆ. ಬೇಡುವುದು ದೇವರನ್ನು ಮಾತ್ರ. ಬೇಡುವವರ ಜೊತೆ ಜಗಳಕ್ಕೆ ಹೋಗುವುದಿಲ್ಲ.

ನಮ್ಮ ಭಾಗ ಹಾಗೇ ಇದೆ. ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿ ಇದೆ. ಅಲ್ಲಿ ವರ್ಷದ ಉರುಸಿಗೆ ನಮ್ಮ ಮಾಡಿಯಾಳದಿಂದ ಜಂಗಮರು ಹೋಗುತ್ತಾರೆ. ಲಿಂಗಾಯತರು ಆ ಸುಲ್ತಾನನನ್ನು ಅಲ್ಲಮಪ್ರಭು ಎಂದೇ ಕರೆಯುತ್ತಾರೆ. ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಎರಡೂ ಕಡೆಯವರು ಇರುತ್ತಾರೆ. ಇಂಥ ಜಾಗದಲ್ಲಿ ಹುಟ್ಟಿದ್ದು ನನ್ನ ಪುಣ್ಯ. ಮನಸ್ಸು ಗಟ್ಟಿಯಾಗಬೇಕಾದಾಗ ನಾನು ಹೋಗುವುದು ಮಾತ್ರ ಕೋಟೆಯೊಳಗಿನ ಜಾಮಿ ಮಸೀದಿಗೆ. 1367ರದ್ದು. ತೆರೆದ ಅಂಗಳವೇ ಇಲ್ಲ, ಇಡೀ ಮಸೀದಿಗೆ ಮೇಲೆ ಗುಮ್ಮಟಗಳ ಹೊದಿಕೆ. ಮೇ ತಿಂಗಳ ಮಧ್ಯಾಹ್ನವೂ ಒಳಗೆ ತಂಪು.

ಮುಸ್ಲಿಮರಲ್ಲಿ ಜಾತಿ ಇಲ್ಲ ಅಂತಾರೆ, ನಿಜವಾ?

ಮಸೀದಿಯ ಸಾಲಿನಲ್ಲಿ ಇಲ್ಲ. ನನ್ನ ಭುಜಕ್ಕೆ ಭುಜ ಹಚ್ಚಿ ನಿಂತವರು ಯಾರು ಎಂದು ಯಾರೂ ಕೇಳುವುದಿಲ್ಲ. ಮದುವೆ ಮಾತು ಬಂದಾಗ ಇದೆ. ಸಯ್ಯದ್, ಪಠಾಣ್, ಪಿಂಜಾರ ಎಂದು ಎಣಿಸುತ್ತಾರೆ. ಹೊಸದಾಗಿ ಬಂದವರಿಗೆ ಹೆಣ್ಣು ಕೊಡಲು ಹಿಂದೆ ಮುಂದೆ ನೋಡುತ್ತಾರೆ. ನನಗೂ ಎರಡು ಕಡೆ ಹಾಗಾಯಿತು. ನಾವು ನಿಮ್ಮನ್ನು ಕುಲಗಳಾಗಿ ಮಾಡಿದ್ದು ಪರಸ್ಪರ ಗುರುತಿಸಲು ಎಂದು ಕುರಾನ್ 49ನೇ ಅಧ್ಯಾಯದಲ್ಲಿ ಹೇಳುತ್ತದೆ. ಅದನ್ನು ಓದಿಯೂ ಹೀಗೆ ಮಾಡುವುದು ತಪ್ಪು. ಹೇಳಲು ನನಗೆ ಸಂಕೋಚ ಇಲ್ಲ.

ಹೆಂಡತಿ ಇದ್ದಾಳೆ. ಇಸ್ಲಾಂಗೆ ಬಂದು ಇನ್ನೊಂದು ಮದುವೆ ಆಗಬಹುದಾ?

ಆಗುವುದಿಲ್ಲ. ಸುಪ್ರೀಂ ಕೋರ್ಟ್ 1995ರಲ್ಲೇ ಇದು ಅಪರಾಧ ಎಂದಿದೆ. ಮೊದಲು ಮನೆಗೆ ಹೋಗಿ ಆ ಹೆಣ್ಣುಮಗಳ ಜೊತೆ ಮಾತಾಡಿ.

ನನಗೆ ಇನ್ನೂ ಹದಿನೆಂಟು ಆಗಿಲ್ಲ.

ಓದಿ. ಪ್ರಶ್ನೆ ಬರೆದಿಟ್ಟುಕೊಳ್ಳಿ. ಮನೆ ಬಿಟ್ಟು ಎಲ್ಲಿಗೂ ಹೋಗಬೇಡಿ. ಯಾರಾದರೂ ಗುಟ್ಟಾಗಿ ಬಾ ಎಂದರೆ ಅವರಿಂದ ದೂರ ಇರಿ.

ಮನೆಯಲ್ಲಿ ಹೇಗೆ ಹೇಳಿದಿರಿ? ನಾನು ಹೇಗೆ ಹೇಳಲಿ?

ನಾನು ಹೇಳಿದ ರೀತಿ ಸರಿ ಇರಲಿಲ್ಲ. ಒಂದು ತಿಂಗಳು ಮುಚ್ಚಿಟ್ಟೆ. ನಮಾಜ್‌ಗೆ ಹೋಗುವಾಗ ಗೆಳೆಯನ ಮನೆ ಎಂದು ಸುಳ್ಳು ಹೇಳಿದೆ. ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆ ಬಂದರೂ ಯಾರೂ ಏಳಲಿಲ್ಲ. ಅಪ್ಪ, "ಕಣ್ಣ ಮುಂದ ಇರಬ್ಯಾಡ" ಅಂದರು. ಮರುದಿನ ರೂಮು ಹಿಡಿದೆ. ಹದಿನೈದು ದಿನಕ್ಕೆ ವಿಷಯ ಗೊತ್ತಾಗಿ ರೂಮಿನ ಮಾಲೀಕರೂ ಖಾಲಿ ಮಾಡು ಅಂದರು. ಚಾಚಾರ ಅಂಗಡಿಯ ಅಟ್ಟದ ಮೇಲೆ ಮಲಗಿದೆ.

ಅಪ್ಪ ಅಮ್ಮ ಬೇರೆ ಧರ್ಮದವರಾಗಿದ್ದರೆ ಏನು ಮಾಡಬೇಕು ಎಂದು ಕುರಾನ್ 31ನೇ ಅಧ್ಯಾಯದಲ್ಲಿ ನೇರವಾಗಿ ಹೇಳುತ್ತದೆ. ನಂಬಿಕೆ ಬಿಡು ಎಂದರೆ ಆ ಮಾತು ಕೇಳಬೇಡ, ಆದರೆ ಈ ಲೋಕದಲ್ಲಿ ಅವರ ಜೊತೆ ಚೆನ್ನಾಗಿ ಬಾಳು ಎಂದು. ಪ್ರವಾದಿಯ ಕಾಲದಲ್ಲಿ ಅಸ್ಮಾ ಎಂಬ ಹೆಣ್ಣುಮಗಳು ಇದನ್ನೇ ಕೇಳಿದ್ದರು. ಅವರ ತಾಯಿ ಇಸ್ಲಾಂ ಒಪ್ಪಿರಲಿಲ್ಲ. ತಾಯಿಯ ಸಂಬಂಧ ಉಳಿಸಿಕೋ ಎಂದೇ ಉತ್ತರ ಬಂತು. ಅದನ್ನು ಓದಿದ ಮೇಲೆ ದಿನಾ ಸಂಜೆ ಮನೆಗೆ ಫೋನ್ ಮಾಡತೊಡಗಿದೆ. ಅಪ್ಪ ಎತ್ತುತ್ತಿರಲಿಲ್ಲ. ಅವ್ವ ಎತ್ತಿ, "ಉಂಡಿಯೇನು?" ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಏಪ್ರಿಲ್‌ನಲ್ಲಿ ನನ್ನ ಮೊದಲ ರಂಜಾನ್. ಬೆಳಗ್ಗೆ ಐದಕ್ಕೆ ಮುಂಚೆಯಿಂದ ಸಂಜೆ ಆರೂವರೆ ದಾಟುವ ತನಕ ಒಂದು ಗುಟುಕು ನೀರಿಲ್ಲ, ಅದೂ ನಮ್ಮ ಊರಿನ ಬಿಸಿಲಿನಲ್ಲಿ. ಉಪವಾಸ ಅವ್ವನಿಗೆ ಅರ್ಥವಾಗುವ ಭಾಷೆ. ಅವಳೂ ಶ್ರಾವಣ ಸೋಮವಾರ ಮಾಡುತ್ತಾಳೆ. ಫೋನಿನಲ್ಲಿ ಪ್ರಶ್ನೆ ಬದಲಾಯಿತು: "ನೀರೂ ಕುಡಿಯಂಗಿಲ್ಲೇನು?"

ಆ ವರ್ಷ ರಂಜಾನ್ ಹಬ್ಬ ಮತ್ತು ಬಸವ ಜಯಂತಿ ಒಂದೇ ದಿನ ಬಂದವು, ಮೇ 3. ಈದ್ ನಮಾಜ್ ಮುಗಿಸಿ ಹೊರಗೆ ಬಂದರೆ ನನ್ನ ತಮ್ಮ ಬೈಕ್ ಹಿಡಿದು ನಿಂತಿದ್ದ. ಅವ್ವ ಕಳಿಸಿದ್ದಳು. ಮನೆಯಲ್ಲಿ ಬಸವಣ್ಣನ ಫೋಟೊಗೆ ಮಲ್ಲಿಗೆ ಹಾರ, ಅಡುಗೆಮನೆಯಲ್ಲಿ ಹೋಳಿಗೆ. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಆದರೆ ಪಂಕ್ತಿಯಲ್ಲಿ ನನ್ನ ಜಾಗ ಖಾಲಿ ಬಿಟ್ಟಿದ್ದರು. ಅವತ್ತಿನಿಂದ ಮನೆಯಲ್ಲೇ ಇದ್ದೇನೆ.

ಅದಕ್ಕೆ ನಿಮಗೆ ಹೇಳುವುದು: ಸುಳ್ಳು ಹೇಳಬೇಡಿ, ವಾದ ಮಾಡಬೇಡಿ, ಅವರ ದೇವರ ಬಗ್ಗೆ ಒಂದು ಕೆಟ್ಟ ಮಾತೂ ಆಡಬೇಡಿ. ಹೊಡೆತ, ಬೆದರಿಕೆ ಬಂದರೆ ಮಾತ್ರ ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಉಳಿದಂತೆ ಅವರಿಗೆ ಸಮಯ ಕೊಡಿ. ನಿಮಗೇ ಎರಡು ವರ್ಷ ಹಿಡಿದದ್ದನ್ನು ಅವರು ಒಂದು ರಾತ್ರಿಯಲ್ಲಿ ನುಂಗಬೇಕು ಅನ್ನುವುದು ನ್ಯಾಯ ಅಲ್ಲ.

ಅಪ್ಪ ಅವ್ವ ತೀರಿಕೊಂಡರೆ ಏನು ಮಾಡುತ್ತೀರಿ?

ಇದನ್ನು ಕೇಳಿದವರು ಅಪ್ಪನೇ. ಹೋದ ವರ್ಷ, ಹೊಲದಲ್ಲಿ, ಮುತ್ಯಾನ ಗದ್ದುಗೆ ಹತ್ತಿರ ಕೂತಿದ್ದಾಗ. ನಾನು ಮೊದಲೇ ಓದಿಕೊಂಡಿದ್ದೆ. ಪ್ರವಾದಿಯ ಚಿಕ್ಕಪ್ಪ ಅಬೂ ತಾಲಿಬ್ ತೀರಿದಾಗ, ಹೋಗಿ ನಿನ್ನ ತಂದೆಯನ್ನು ಮಣ್ಣು ಮಾಡು ಎಂದು ಪ್ರವಾದಿಯೇ ಅಲಿಯವರನ್ನು ಕಳಿಸಿದ್ದರು. ಹೆಗಲು ಕೊಡುತ್ತೇನೆ, ಮಣ್ಣು ಕೊಡುತ್ತೇನೆ, ಜಂಗಮರ ಪೂಜೆಗೆ ಮಾತ್ರ ಕೂರಲು ಆಗುವುದಿಲ್ಲ ಎಂದೆ. ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಪೂಜಿ ತಮ್ಮ ಮಾಡ್ಲಿ. ಕುಣಿ ನೀ ತೋಡು" ಅಂದರು.

ಅವ್ವ ಬುತ್ತಿ ಗಂಟು ಬಿಚ್ಚುತ್ತಿದ್ದಳು. ನಿನ್ನದು ಎಲ್ಲಿ ಎಂದು ಕೇಳಿದಳು. ಊರಿನ ಖಬರಸ್ತಾನದಲ್ಲಿ ಎಂದೆ. ಅವಳು ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ನನ್ನ ಕೈಗೆ ಕೊಟ್ಟು, "ಅಷ್ಟು ದೂರ ಯಾಕ" ಅಂದಳು.